ಆಪರೇಷನ್ ಎದೆಗೆ, ಪಾಡೆಲ್ಲ ಬೆನ್ನಿಗೆ

ಸ್ತನ ತೆಗೆದ ಜಾಗಕ್ಕೆ ಬೆನ್ನಿನ ಸ್ನಾಯು ತಂದು ಹೊಸ ಸ್ತನ ಕಟ್ಟುತ್ತಾರೆ ಅಂದ ಕೂಡಲೇ ಎಲ್ಲರ ಗಮನವೂ ಎದೆಯ ಮೇಲೆ. ಹೇಗೆ ಕಾಣುತ್ತೆ, ಎಷ್ಟು ದೊಡ್ಡದಾಗುತ್ತೆ, ಹೊಲಿಗೆ ಎಲ್ಲಿ ಬರುತ್ತೆ? ಡಾಕ್ಟರಿಗೆ ಕೇಳುವ ಪ್ರಶ್ನೆಗಳೆಲ್ಲ ಮುಂಭಾಗದವೇ. ಆದರೆ ಮುಂದಿನ ಆರು ವಾರ ನಿಮ್ಮನ್ನು ಆಳುವುದು ಬೆನ್ನು. ನೀರು ತುಂಬುವುದು ಅಲ್ಲಿ, ಬಿಗಿ ಹಿಡಿಯುವುದು ಅಲ್ಲಿ, ಒಳಗಿನ ನೀರು ಹೊರತೆಗೆಯುವ ಕೊಳವೆ, ಅಂದರೆ ಡ್ರೇನ್, ಕೊನೆಯತನಕ ಉಳಿಯುವುದೂ ಅಲ್ಲೇ. ಎದೆ ಎಷ್ಟೋ ವಾಸಿ, ಸುಮ್ಮನೆ ಇರುತ್ತದೆ.

ಈ ಸ್ನಾಯುವಿನ ಹೆಸರು ಲ್ಯಾಟಿಸಿಮಸ್ ಡಾರ್ಸೈ. ಆಸ್ಪತ್ರೆಯಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ‘ಎಲ್‌ಡಿ ಫ್ಲ್ಯಾಪ್’ ಅಂದರೆ ಮುಗಿಯಿತು. ಫ್ಲ್ಯಾಪ್ ಎಂದರೆ ಒಂದು ಕಡೆಯಿಂದ ಬಿಡಿಸಿ ಇನ್ನೊಂದು ಕಡೆ ಕೂರಿಸುವ, ರಕ್ತನಾಳ ಸಮೇತವಾದ ಮೈಯ ತುಂಡು. ಬೆನ್ನುಮೂಳೆಯಿಂದಲೂ ಸೊಂಟದ ಮೂಳೆಯ ಅಂಚಿನಿಂದಲೂ ಹೊರಟು ಬೀಸಣಿಗೆಯಂತೆ ಹರಡಿ, ಕಂಕುಳ ಹಿಂದೆ ಕಿರಿದಾಗಿ ತೋಳಿನ ಮೂಳೆಗೆ ಅಂಟಿಕೊಳ್ಳುವ ಅಗಲವಾದ ತೆಳು ಸ್ನಾಯು ಇದು. ಅದಕ್ಕೆ ರಕ್ತ ಕೊಡುವ ಮುಖ್ಯ ನಾಳ ಬರುವುದು ಕಂಕುಳ ಕಡೆಯಿಂದ. ಆ ನಾಳವನ್ನು ಕತ್ತರಿಸದೆ, ಸ್ನಾಯುವನ್ನೂ ಅದರ ಮೇಲಿನ ಒಂದು ತುಂಡು ಚರ್ಮವನ್ನೂ ಬೆನ್ನಿನಿಂದ ಬಿಡಿಸಿ, ಕಂಕುಳ ಕೆಳಗೆ ಸುರಂಗ ಮಾಡಿ ಎದೆಗೆ ತರುತ್ತಾರೆ. ಬುಡ ಕೀಳದೆ ಬಳ್ಳಿಯನ್ನು ಪಕ್ಕದ ಚಪ್ಪರಕ್ಕೆ ತಿರುಗಿಸಿದ ಹಾಗೆ. ಇಟಲಿಯ ಸರ್ಜನ್ ಇಜಿನಿಯೊ ತಾನ್ಸಿನಿ 1906ರಲ್ಲೇ ಇದನ್ನು ವಿವರಿಸಿದ್ದರು. ಆಮೇಲೆ ದಶಕಗಟ್ಟಲೆ ಮೂಲೆಗೆ ಬಿದ್ದಿದ್ದ ಈ ವಿಧಾನ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು.

ಹೊಟ್ಟೆಯಿಂದ ತರುವ ದಾರಿಯೂ ಇದೆ. 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್ರಾಂಪ್ ಬಳಕೆಗೆ ತಂದ ‘ಟ್ರಾಮ್’ ಫ್ಲ್ಯಾಪ್‌ನಲ್ಲಿ ಹೊಟ್ಟೆಯ ಕೊಬ್ಬಿನ ಜೊತೆ ಅಲ್ಲಿನ ನೇರ ಸ್ನಾಯುವೂ ಬರುತ್ತದೆ. ಆಮೇಲೆ ಬಂದ ‘ಡಿಐಇಪಿ’ಯಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು ಕೊಬ್ಬು, ಚರ್ಮ, ನಾಳ ಮಾತ್ರ ತೆಗೆದು, ಎದೆಯ ನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ಹೊಟ್ಟೆಯ ಕೊಬ್ಬು ಮೆತ್ತಗಿರುವುದರಿಂದ ಸ್ತನ ಸಹಜವಾಗಿ ಕಾಣುತ್ತದೆ, ಗಾತ್ರವೂ ಸಿಗುತ್ತದೆ. ಆದರೆ ಅದಕ್ಕೆ ನುರಿತ ತಂಡ ಬೇಕು, ಆಪರೇಷನ್ ದೀರ್ಘ, ಹೊಲಿದ ನಾಳ ಕಟ್ಟಿಕೊಂಡರೆ ರಾತ್ರೋರಾತ್ರಿ ಮತ್ತೆ ಥಿಯೇಟರಿಗೆ ಹೋಗಬೇಕು. ಎಲ್‌ಡಿಗೆ ಮೈಕ್ರೋಸ್ಕೋಪ್ ಬೇಡ. ನಾಳ ತನ್ನ ಬುಡದಲ್ಲೇ ಇರುವುದರಿಂದ ಫ್ಲ್ಯಾಪ್ ಪೂರ್ತಿ ಸಾಯುವುದು ಅಪರೂಪ. ತೆಳ್ಳಗಿದ್ದು ಹೊಟ್ಟೆಯಲ್ಲಿ ಕೊಬ್ಬಿಲ್ಲದವರಿಗೂ ಆಗುತ್ತದೆ. ಕೊರತೆ ಒಂದೇ, ಗಾತ್ರ ಸಾಲದು. ಸಣ್ಣ ಸ್ತನಕ್ಕೆ ಸ್ನಾಯು ಮತ್ತು ಸುತ್ತಲಿನ ಕೊಬ್ಬು ಸಾಕಾಗಬಹುದು. ಉಳಿದವರಿಗೆ ಅದರಡಿ ಸಿಲಿಕೋನ್ ಇಂಪ್ಲಾಂಟ್ ಇಡಬೇಕು, ಇಲ್ಲವೇ ಆಮೇಲೆ ಕೊಬ್ಬು ತುಂಬಬೇಕು.

ಕೆಲವರಿಗೆ ಇದು ಸಲ್ಲದು, ಹೇಳಿಬಿಡುವುದೇ ಒಳ್ಳೆಯದು. ಪೋಲಿಯೋ ಆಗಿ ಊರುಗೋಲಿನ ಮೇಲೆ ನಡೆಯುವವರು, ಗಾಲಿಕುರ್ಚಿಯಿಂದ ಮಂಚಕ್ಕೆ ಕೈಯೂರಿ ದಾಟುವವರು ಈ ಸ್ನಾಯುವನ್ನು ಕೊಡಲಾರರು, ಅವರ ಮೈಭಾರ ಹೊರುವುದೇ ಇದು. ಹಿಂದೆ ಶ್ವಾಸಕೋಶದ ಆಪರೇಷನ್ ಆಗಿ ಪಕ್ಕೆಯಿಂದ ಬೆನ್ನಿಗೆ ಉದ್ದ ಗಾಯದ ಗುರುತಿದ್ದರೆ ಸ್ನಾಯು ಆಗಲೇ ಕತ್ತರಿಸಿಹೋಗಿರಬಹುದು. ಮೊದಲೇ ಕಂಕುಳ ಗಂಟುಗಳನ್ನು ತೆಗೆಸಿದವರಲ್ಲಿ ನಾಳಕ್ಕೆ ಏಟು ಬಿದ್ದಿರುವ ಅನುಮಾನ ಇರುತ್ತದೆ. ಅದನ್ನು ಪರೀಕ್ಷಿಸುವ ರೀತಿ ನೋಡಲು ಬಲು ಸರಳ. ‘ಅಮ್ಮಾ, ಸೊಂಟದ ಮೇಲೆ ಕೈ ಇಟ್ಟು ಜೋರಾಗಿ ಒತ್ತಿ. ಹಾಂ, ಈಗ ಒಂದ್ಸಲ ಕೆಮ್ಮಿ’ ಎನ್ನುತ್ತ ಸರ್ಜನ್ ಕಂಕುಳ ಹಿಂದಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದಿರುತ್ತಾರೆ. ಅಲ್ಲಿ ಸ್ನಾಯು ಗಟ್ಟಿಯಾದರೆ ನರ ಉಳಿದಿದೆ ಎಂದರ್ಥ. ನರವೂ ನಾಳವೂ ಜೊತೆಯಲ್ಲೇ ಸಾಗುವುದರಿಂದ ನಾಳವೂ ಉಳಿದಿರುವ ಸಾಧ್ಯತೆ ಹೆಚ್ಚು. ಸಂಶಯ ಉಳಿದರೆ ಸ್ಕ್ಯಾನ್.

ಮುಂಚಿನ ತಯಾರಿಯಲ್ಲಿ ಒಂದು ಪ್ರಶ್ನೆ ಸದಾ ತಪ್ಪಿಸಿಕೊಳ್ಳುತ್ತದೆ. ‘ಸಿಗರೇಟು ಸೇದ್ತೀರಾ?’ ಅಂತ ಕೇಳುತ್ತಾರೆ, ಹೆಂಗಸರು ಇಲ್ಲ ಎಂದು ತಲೆಯಾಡಿಸುತ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಯಾವುದೂ ಆ ಪ್ರಶ್ನೆಯೊಳಗೆ ಬರುವುದಿಲ್ಲ. ಆದರೆ ನಿಕೋಟಿನ್ ಯಾವ ದಾರಿಯಲ್ಲಿ ಹೋದರೂ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಸ್ತನ ತೆಗೆದ ಮೇಲೆ ಎದೆಯಲ್ಲಿ ಉಳಿಯುವ ತೆಳು ಚರ್ಮದ ಅಂಚು ಕಪ್ಪಾಗಿ ಸಾಯುವುದಕ್ಕೆ ಇದೊಂದು ದೊಡ್ಡ ಕಾರಣ. ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು, ಗಾಯ ಮಾಯುವತನಕ ಮುಟ್ಟಬಾರದು. ನಾಚಿಕೆ ಬಿಟ್ಟು ಹೇಳಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಹತೋಟಿಗೆ ಬರಲಿ. ರಕ್ತ ತೆಳುವಾಗಿಸುವ ಮಾತ್ರೆ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ, ನಾಟಿ ಔಷಧ ಏನೇ ಇದ್ದರೂ ಚೀಟಿಯಲ್ಲಿ ಬರೆದು ಅರಿವಳಿಕೆ ಡಾಕ್ಟರಿಗೆ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ವಿಮೆಯ ಮಾತೊಂದಿದೆ. ಆರೋಗ್ಯ ವಿಮೆಯಲ್ಲಿ ‘ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ’ ಎಂದು ಕೌಂಟರಿನಲ್ಲೇ ವಾಪಸ್ ಕಳಿಸುವುದುಂಟು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿರುವ ಹೊರಗಿಡುವ ಪಟ್ಟಿಯ ಎಂಟನೇ ಸಂಕೇತ ಇದೇ. ಆದರೆ ಅದೇ ವಾಕ್ಯದಲ್ಲೇ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ರಚನೆಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದೂ ಇದೆ. ಮುಂಗಡ ಅನುಮತಿಯ ಪತ್ರದಲ್ಲಿ ‘ಕ್ಯಾನ್ಸರ್ ನಂತರದ ಸ್ತನ ಪುನರ್‌ರಚನೆ’ ಎಂದೇ ಬರೆಸಿ. ಗುಮಾಸ್ತರು ಅಭ್ಯಾಸಬಲದಿಂದ ‘ಕಾಸ್ಮೆಟಿಕ್’ ಎಂದು ಹಾಕಿದರೆ ಆ ಒಂದು ಪದ ಅಳಿಸಲು ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಆಪರೇಷನ್ನಿನ ಹಿಂದಿನ ದಿನ ಅಥವಾ ಆ ದಿನ ಬೆಳಗ್ಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕುತ್ತಾರೆ. ಇದನ್ನು ನಿಲ್ಲಿಸಿಯೇ ಮಾಡಬೇಕು, ಮಲಗಿದರೆ ಸ್ತನದ ಕೆಳಗೆರೆ ಜಾರಿಬಿಡುತ್ತದೆ. ಬೆನ್ನ ಮೇಲೆ ಎಲೆಯಾಕಾರದ ಒಂದು ಚರ್ಮದ ತುಂಡನ್ನು ಬರೆಯುತ್ತಾರೆ. ಅದರ ಅಗಲ ಸಾಮಾನ್ಯವಾಗಿ 6ರಿಂದ 8 ಸೆಂ.ಮೀ. ಅದಕ್ಕಿಂತ ಹೆಚ್ಚು ತೆಗೆದರೆ ಬೆನ್ನಿನ ಎರಡು ಅಂಚು ಸೇರುವುದು ಕಷ್ಟ, ಎಳೆತಕ್ಕೆ ಗಾಯ ಬಿಚ್ಚುತ್ತದೆ, ಕಲೆ ಅಗಲವಾಗುತ್ತದೆ. ಬರುವಾಗ ನಿಮ್ಮ ದಿನಬಳಕೆಯ ಬ್ರಾ ಹಾಕಿಕೊಂಡೇ ಬನ್ನಿ, ಅದರ ಪಟ್ಟಿಯ ಅಂಚನ್ನೂ ಗುರುತು ಹಾಕಿಸಿಕೊಳ್ಳಿ. ಅಡ್ಡ ಗೆರೆ ಪಟ್ಟಿಯೊಳಗೆ ಬಿದ್ದರೆ ಕಲೆ ರವಿಕೆಯಡಿ ಮುಚ್ಚಿಹೋಗುತ್ತದೆ. ಓರೆಯಾಗಿ ಹಾಕಿದರೆ ಬೇರೆ ಲಾಭಗಳುಂಟು, ಆದರೆ ಹಿಂದೆ ಆಳದ ಕತ್ತಿನ ರವಿಕೆ ಹಾಕುವವರು ಎರಡು ಸಲ ಯೋಚಿಸಲಿ. ಕೇಳುವ ಹೊತ್ತು ಇದೇ, ಆಮೇಲೆ ಕೇಳಿ ಫಲವಿಲ್ಲ.

ಥಿಯೇಟರಿನಲ್ಲಿ ಕ್ಯಾನ್ಸರ್ ಸರ್ಜನ್ ಸ್ತನ ತೆಗೆದ ಮೇಲೆ ನಿಮ್ಮನ್ನು ಒಂದು ಮಗ್ಗುಲಿಗೆ ತಿರುಗಿಸಿ ಸ್ನಾಯು ಬಿಡಿಸುತ್ತಾರೆ, ಬೆನ್ನು ಹೊಲಿಯುತ್ತಾರೆ, ಮತ್ತೆ ಅಂಗಾತ ಮಲಗಿಸಿ ಎದೆಯಲ್ಲಿ ಆಕಾರ ಕೂರಿಸುತ್ತಾರೆ. ಎರಡೂ ಒಟ್ಟಿಗಾದರೆ ನಾಲ್ಕರಿಂದ ಆರು ತಾಸು. ತಿರುಗಿಸಿ, ಮತ್ತೆ ಬಟ್ಟೆ ಹೊದೆಸುವುದಕ್ಕೇ ಸಾಕಷ್ಟು ಹೊತ್ತು ಹೋಗುತ್ತದೆ. ಹೊರಗೆ ಕೂತವರು ತಡವಾಯಿತೆಂದು ಕಂಗಾಲಾಗುವುದು ಬೇಡ.

ಇಲ್ಲಿ ಒಂದು ಪ್ರಶ್ನೆ ಮೊದಲೇ ಕೇಳಿಟ್ಟುಕೊಂಡಿರಬೇಕು: ‘ಬೆನ್ನಿಗೆ ಕ್ವಿಲ್ಟಿಂಗ್ ಹೊಲಿಗೆ ಹಾಕ್ತೀರಾ?’ ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನ ಅರಿವೆ ಕೆಳಗಿನ ಅರಿವೆ ಜಾರದಂತೆ ಉದ್ದಕ್ಕೂ ಟಾಕು ಹಾಕುವ ಹಾಗೆ, ಬೆನ್ನಿನ ಚರ್ಮವನ್ನು ಒಳಗಿನಿಂದ ಪಕ್ಕೆಗೂಡಿನ ಮೇಲ್ಪದರಕ್ಕೆ ಸಾಲುಸಾಲಾಗಿ ಕಚ್ಚಿಸುತ್ತಾರೆ. ಹೀಗೆ ಮಾಡಿದರೆ ಚರ್ಮದಡಿ ಪೊಳ್ಳು ಉಳಿಯುವುದಿಲ್ಲ, ನೀರು ತುಂಬುವುದು ಕಡಿಮೆಯಾಗುತ್ತದೆ. ಆಪರೇಷನ್ ಸ್ವಲ್ಪ ಉದ್ದವಾಗುತ್ತದೆ. ಒಂದೆರಡು ತಿಂಗಳು ಬೆನ್ನಲ್ಲಿ ಗುಳಿ ಗುಳಿ ಕಾಣುತ್ತದೆ, ಬಿಗಿತವೂ ತುಸು ಹೆಚ್ಚು. ಆದರೂ ಈ ವ್ಯಾಪಾರದಲ್ಲಿ ಲಾಭ ನಿಮ್ಮದೇ.

ಎಚ್ಚರವಾದಾಗ ಎದೆಗಿಂತ ಬೆನ್ನು ಹೆಚ್ಚು ನೋಯುತ್ತದೆ, ಹಲಗೆ ಕಟ್ಟಿ ಬಿಗಿದಂತೆ. ಮೊದಲ ರಾತ್ರಿ ಸಿಸ್ಟರ್ ಗಂಟೆಗೊಮ್ಮೆ ಬಂದು ಹೊಸ ಚರ್ಮದ ತುಂಡನ್ನು ಬೆರಳಿಂದ ಒತ್ತಿ ಬಿಡುತ್ತಾರೆ. ಒತ್ತಿದಲ್ಲಿ ಬಿಳುಪೇರಿ ಸುಮಾರು ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬಣ್ಣ ಮರಳದೆ, ತಣ್ಣಗಾಗಿ ಬಿಳಿಚಿಕೊಂಡರೆ ರಕ್ತ ಒಳಬರುತ್ತಿಲ್ಲ. ನೀಲಿಗಟ್ಟಿ, ಉಬ್ಬಿ, ಒತ್ತಿದ ತಕ್ಷಣ ಬಣ್ಣ ವಾಪಸ್ ಬಂದರೆ ರಕ್ತ ಹೊರಹೋಗುತ್ತಿಲ್ಲ. ಕಪ್ಪು ಮೈಬಣ್ಣದವರಲ್ಲಿ ಬಣ್ಣ ಕಾಣುವುದು ಕಷ್ಟ, ಹಾಗಾಗಿ ಬಿಸುಪು ಮತ್ತು ಉಬ್ಬನ್ನೇ ಹೆಚ್ಚು ನಂಬಬೇಕು. ಎಲ್‌ಡಿಯಲ್ಲಿ ಹೀಗಾದರೆ ಕಾರಣ ಹೆಚ್ಚಾಗಿ ಕಂಕುಳಲ್ಲೇ ಇರುತ್ತದೆ: ನಾಳ ಮಡಚಿದೆ, ಸುರಂಗ ಬಿಗಿಯಾಗಿದೆ, ರಕ್ತ ಹೆಪ್ಪುಗಟ್ಟಿ ಒತ್ತುತ್ತಿದೆ, ಇಲ್ಲವೇ ಪಟ್ಟಿ ಬಿಗಿಯಾಗಿ ಕಟ್ಟಿದ್ದಾರೆ. ಅದಕ್ಕೇ ತೋಳನ್ನು ಮೈಗೆ ಒತ್ತಿ ಮಲಗಬಾರದು. ಕೈಯಡಿ ಸಣ್ಣ ದಿಂಬಿಟ್ಟು ಕಂಕುಳು ತುಸು ತೆರೆದಿರಲಿ. ಎಷ್ಟೋ ಮಂದಿ ಗಾಯ ಕಾಯ್ದುಕೊಳ್ಳುತ್ತೇವೆಂದು ತೋಳನ್ನು ಬಿಗಿಹಿಡಿದು ಮಲಗುತ್ತಾರೆ, ಅದು ತಿರುವುಮುರುವು.

ಈಗ ಡ್ರೇನ್. ಎದೆಗೊಂದು, ಬೆನ್ನಿಗೆ ಒಂದೋ ಎರಡೋ ಕೊಳವೆ ಹಾಕಿರುತ್ತಾರೆ. ತುದಿಗೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ಪ್ಲಾಸ್ಟಿಕ್ ಡಬ್ಬಿ. ಅದನ್ನು ಒತ್ತಿ ಚಪ್ಪಟೆ ಮಾಡಿ ಮುಚ್ಚಳ ಹಾಕಿದರೆ ಅದು ಮೆಲ್ಲಗೆ ಅರಳುತ್ತ ಒಳಗಿನ ನೀರೆಳೆಯುತ್ತದೆ. ಮನೆಗೆ ಹೋಗುವಾಗ ಬೆನ್ನಿನ ಡ್ರೇನ್ ಜೊತೆಗೇ ಬರುತ್ತದೆ ಎಂದು ತಿಳಿದೇ ಇರಿ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ, ಕೈ ಸೋಪಿನಲ್ಲಿ ತೊಳೆದು, ಅಳತೆಯ ಲೋಟಕ್ಕೆ ಸುರಿದು ಪುಸ್ತಕದಲ್ಲಿ ಬರೆದಿಡಿ. ಮೊದಲೆರಡು ದಿನ 100ರಿಂದ 200 ಮಿ.ಲೀ. ಬಂದರೂ ಅದು ನಿರೀಕ್ಷಿತವೇ. ಬಣ್ಣ ಕೆಂಪಿನಿಂದ ನಸುಗೆಂಪಿಗೆ, ಆಮೇಲೆ ಒಣಹುಲ್ಲಿನ ಹಳದಿಗೆ ತಿರುಗಬೇಕು. 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ, ಅದೂ ಎರಡು ದಿನ ಸತತವಾಗಿ ಬಂದಾಗ ತೆಗೆಯುವುದು ರೂಢಿ. ಎದೆಯದು ವಾರದೊಳಗೆ ಹೋಗಬಹುದು, ಬೆನ್ನಿನದು ಎರಡು ವಾರ, ಒಮ್ಮೊಮ್ಮೆ ಮೂರು.

ಡಬ್ಬಿ ಖಾಲಿ, ಕೊಳವೆಯ ಬುಡದಲ್ಲಿ ಮಾತ್ರ ಬ್ಯಾಂಡೇಜು ಒದ್ದೆ ಅಂದರೆ ಒಳಗೆ ಹೆಪ್ಪು ಸಿಕ್ಕಿಕೊಂಡಿದೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ, ಚರ್ಮದ ಹತ್ತಿರ ಕೊಳವೆಯನ್ನು ಒಂದು ಕೈಯಲ್ಲಿ ಭದ್ರ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಹಾಲು ಕರೆದ ಹಾಗೆ ಡಬ್ಬಿಯತ್ತ ಜಾರಿಸಿ. ಚಪ್ಪಟೆ ಮಾಡಿದ ಡಬ್ಬಿ ಐದೇ ನಿಮಿಷದಲ್ಲಿ ಬರೀ ಗಾಳಿ ತುಂಬಿ ಅರಳಿದರೆ ಎಲ್ಲೋ ಜೋಡಣೆ ಸಡಿಲ, ಅಥವಾ ಕೊಳವೆಯ ತೂತು ಚರ್ಮದಿಂದ ಹೊರಗೆ ಬಂದಿದೆ. ಮೊದಲನೆಯದಾದರೆ ಗಟ್ಟಿ ತಿರುಗಿಸಿದರೆ ಸಾಕು, ಎರಡನೆಯದಕ್ಕೆ ಆಸ್ಪತ್ರೆಗೇ ಹೋಗಬೇಕು, ಒಳಗೆ ತಳ್ಳುವ ಸಾಹಸ ಬೇಡ. ತಾಸೊಪ್ಪತ್ತಿನಲ್ಲಿ ಗಟ್ಟಿ ಕೆಂಪು ರಕ್ತ ತುಂಬಿದರೆ ರಾತ್ರಿಯಾದರೂ ಫೋನ್ ಮಾಡಿ. ಡಬ್ಬಿಯನ್ನು ಹಳೇ ದಿಂಬಿನ ಹೊದಿಕೆಯಲ್ಲಿ ಹೊಲಿದ ಚೀಲಕ್ಕೆ ಹಾಕಿ ಕೊರಳಿಗೆ ತೂಗಿಕೊಳ್ಳಿ. ಲಂಗದ ಲಾಡಿಗೆ ಸಿಕ್ಕಿಸಿದರೆ ಬಚ್ಚಲಲ್ಲಿ ಲಾಡಿ ಬಿಚ್ಚುವಾಗ ಕೊಳವೆಯೂ ಕಿತ್ತುಬರುವ ಅಪಾಯ.

ಡ್ರೇನ್ ತೆಗೆದ ಮೇಲೂ ನೀರು ತುಂಬಬಹುದು. ಇದಕ್ಕೆ ಸೀರೋಮಾ ಎನ್ನುತ್ತಾರೆ. ಎಲ್‌ಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಡಕು ಇದೇ. ಅಂಗೈಗಿಂತ ಎಷ್ಟೋ ಅಗಲದ ಹಸಿ ಜಾಗ, ಕತ್ತರಿಸಿದ ದುಗ್ಧರಸ (ಲಿಂಫ್) ನಾಳಗಳು, ಮೇಲೆ ಕೈ ಆಡಿಸಿದಾಗೆಲ್ಲ ಸರಿದಾಡುವ ಹೆಗಲಹಲಗೆ. ಪದರಗಳು ಅಂಟಿಕೊಳ್ಳುವಷ್ಟರಲ್ಲಿ ಮತ್ತೆ ಉಜ್ಜಿಹೋಗುತ್ತವೆ. ಮೆಟ್ಟಿಲಿಳಿಯುವಾಗ ಬೆನ್ನಲ್ಲಿ ಎಳನೀರು ಕುಲುಕಿದಂತಾದರೆ ಅದೇ. ಓಪಿಡಿಯಲ್ಲಿ ಕೂರಿಸಿ ದಪ್ಪ ಸೂಜಿ, 50 ಮಿ.ಲೀ. ಸಿರಿಂಜಿನಿಂದ ತೆಗೆಯುತ್ತಾರೆ. ಆ ಭಾಗ ಮರಗಟ್ಟಿರುವುದರಿಂದ ನೋವು ಅಷ್ಟಿರದು. ವಾರಕ್ಕೆ ಒಂದೋ ಎರಡೋ ಸಲ, ಹೀಗೆ ನಾಲ್ಕಾರು ಸಲ ಆಗಬಹುದು. ಪ್ರತಿ ಸಲ ಅಳತೆ ಇಳಿಯುತ್ತಿದ್ದರೆ ಸರಿದಾರಿಯಲ್ಲಿದ್ದೀರಿ. ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು, ಆ ದಿನವೇ ತೋರಿಸಬೇಕು. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದು ಮಾಡಿಸಿಕೊಳ್ಳುವವರು ಬಿಡುಗಡೆಯ ಮರುದಿನವೇ ರಾತ್ರಿ ಬಸ್ಸು ಹತ್ತದೆ, ಡ್ರೇನ್ ಹೋಗುವತನಕ ನೆಂಟರ ಮನೆಯಲ್ಲೋ ಧರ್ಮಶಾಲೆಯಲ್ಲೋ ಹತ್ತಿರವೇ ಉಳಿಯುವ ಏರ್ಪಾಡು ಮಾಡಿಕೊಂಡರೆ ಒಳ್ಳೆಯದು.

ಕೈಯ ವಿಷಯದಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಹೆದರಿ ಅಲುಗಿಸದೇ ಇರುವುದು. ಮೂರೇ ವಾರದಲ್ಲಿ ಭುಜ ಜಾಮ್ ಆಗಿ, ರೇಡಿಯೇಷನ್ ಯಂತ್ರದಡಿ ಕೈ ತಲೆಯ ಮೇಲಿಟ್ಟು ಮಲಗಲಾಗದೆ ದಿನಾಂಕ ಮುಂದೆ ಹೋಗುತ್ತದೆ. ಇನ್ನೊಂದು, ಚೆನ್ನಾಗಿದ್ದೇನೆ ಎಂದು ಎರಡನೇ ವಾರವೇ ಬಟ್ಟೆ ಒಗೆಯುವುದು. ಆಪರೇಷನ್ನಿನ ಮರುದಿನದಿಂದಲೇ ಮುಷ್ಟಿ ಬಿಗಿ ಬಿಡು, ಮೊಣಕೈ ಮಡಚು ಚಾಚು. ಡ್ರೇನ್ ಇರುವತನಕ ತೋಳು ಭುಜದ ಮಟ್ಟಕ್ಕಿಂತ ಮೇಲೇಳುವುದು ಬೇಡ. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತ ಏರುವುದು, ದಿನಕ್ಕೆ ಒಂದು ಪೆನ್ಸಿಲ್ ಗುರುತು. ಆರು ವಾರಕ್ಕೆ ತಲೆ ಬಾಚಿ ಜಡೆ ಹಾಕಿಕೊಳ್ಳುವಷ್ಟು ಬರಬೇಕು. ಅಷ್ಟರತನಕ ಎರಡು ಕಿಲೋ ಮೀರಿದ ಭಾರ ಎತ್ತದಿರಿ. ತುಂಬಿದ ಬಿಂದಿಗೆಯೂ ಲೆಕ್ಕಕ್ಕೆ ಬರುತ್ತದೆ, ಅಳುವ ಮಗುವೂ.

ಈ ಸ್ನಾಯು ದಿನನಿತ್ಯ ಏನು ಮಾಡುತ್ತಿತ್ತು ಎಂಬುದು ಹೋದ ಮೇಲೆ ತಿಳಿಯುತ್ತದೆ. ಮೇಲಿದ್ದುದನ್ನು ಕೆಳಗೆಳೆಯುವ, ಮುಂದಿದ್ದುದನ್ನು ಹಿಂದಕ್ಕೆಳೆಯುವ ಕೆಲಸ ಅದರದು. ಬಾವಿಯ ಹಗ್ಗ ಸೇದುವುದು, ಬಸ್ಸಿನ ಕಂಬಿ ಹಿಡಿದು ಮೈ ಎಳೆದುಕೊಳ್ಳುವುದು, ಷಟರ್ ಎಳೆಯುವುದು, ನೆಲಕ್ಕೆ ಕೈಯೂರಿ ಏಳುವುದು. ಅಕ್ಕಪಕ್ಕದ ಸ್ನಾಯುಗಳು ಕೆಲಸ ಹಂಚಿಕೊಳ್ಳುವುದರಿಂದ ಆರು ತಿಂಗಳಿಂದ ವರ್ಷದೊಳಗೆ ಮನೆಗೆಲಸಕ್ಕೆ ಹೆಚ್ಚಿನವರಿಗೆ ಕೊರತೆ ಕಾಣುವುದಿಲ್ಲ. ದಿನವೂ ನೀರು ಸೇದುವವರು, ಗಾರೆ ಕೆಲಸದವರು, ಈಜುವವರು ಮಾತ್ರ ವ್ಯತ್ಯಾಸ ಗುರುತಿಸುತ್ತಾರೆ. ಆ ಮಾತನ್ನು ಒಪ್ಪಿಗೆಯ ಸಹಿಗೆ ಮುಂಚೆಯೇ ಆಡಬೇಕು.

ಹೊಸ ಸ್ತನಕ್ಕೂ ಬೆನ್ನಿಗೂ ಬಹುಕಾಲ ಸ್ಪರ್ಶ ಇರುವುದಿಲ್ಲ. ನೋವೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋದರೆ ಚರ್ಮ ಬೊಬ್ಬೆ ಬಂದು ಬೇಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಶಾಖ ಕೊಡುವ ಯಾವುದೂ ಬೇಡ. ಸ್ನಾನದ ನೀರಿನ ಹದವನ್ನು ಇನ್ನೊಂದು ಕಡೆಯ ಮೊಣಕೈಯಲ್ಲಿ ನೋಡಿ.

ಪೆಥಾಲಜಿ ವರದಿ ಬಂದ ಮೇಲೆ ಕೀಮೋ ಬೇಕಾದರೆ ಗಾಯ ಮಾಯ್ದಿರಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದೊಳಗೆ ಶುರು. ಎದೆಯ ಅಂಚಲ್ಲಿ ಚೂರು ಕಪ್ಪಾಗಿದ್ದರೂ ತಡಮಾಡದೆ ತೋರಿಸಬೇಕು ಎನ್ನುವುದು ಇದಕ್ಕೇ. ರೇಡಿಯೇಷನ್ ಖಚಿತ ಎಂದಿದ್ದರೆ ಇಂಪ್ಲಾಂಟ್ ಬಗ್ಗೆ ಮತ್ತೆ ಮಾತಾಡಿ. ಅದರ ಸುತ್ತ ಕಟ್ಟುವ ಪೊರೆ ಕಿರಣ ಬಿದ್ದಾಗ ಗಟ್ಟಿಯಾಗಿ ಕುಗ್ಗಿ, ಸ್ತನ ಕಲ್ಲಿನಂತಾಗುವ ಸಾಧ್ಯತೆ ಹೆಚ್ಚು. ಅಂಥವರಿಗೆ ರೇಡಿಯೇಷನ್ ಮುಗಿದು ಆರು ತಿಂಗಳೋ ವರ್ಷವೋ ಕಳೆದ ಮೇಲೆ ಮಾಡೋಣ ಎನ್ನುವ ಸರ್ಜನ್ನರು ಅನೇಕರಿದ್ದಾರೆ. ಕಾಯುವುದು ಬೇಸರದ ಕೆಲಸವೇ, ಆದರೆ ಅವರ ಮಾತಿನಲ್ಲಿ ಹುರುಳಿದೆ.

ಮೊದಲು ತುಸು ದೊಡ್ಡದಾಗಿ ಕಂಡ ಸ್ತನ ಆರು ತಿಂಗಳಲ್ಲಿ ಇಳಿಯುತ್ತದೆ. ಕೆಲಸವಿಲ್ಲದ ಸ್ನಾಯು ಬತ್ತುತ್ತದೆ, ನರ ಕತ್ತರಿಸಿದ್ದರೆ ಇನ್ನೂ ಬೇಗ. ನರ ಉಳಿಸಿದ್ದರೆ ಬತ್ತುವುದು ಕಡಿಮೆ, ಆದರೆ ಕುಕ್ಕರಿನ ಮುಚ್ಚಳ ಒತ್ತಿ ತಿರುಗಿಸುವಾಗ ಎದೆ ತಾನಾಗಿ ಕುಣಿಯುತ್ತದೆ, ಸ್ನಾಯುವಿಗೆ ತಾನು ಬೆನ್ನಲ್ಲೇ ಇದ್ದೇನೆಂಬ ಭ್ರಮೆ. ಕೆಲವರಿಗೆ ನಗು, ಕೆಲವರಿಗೆ ಮುಜುಗರ. ಬಹಳ ಕಾಡಿದರೆ ಆ ನರವನ್ನು ಆಮೇಲೂ ಕತ್ತರಿಸಬಹುದು. ಗಾತ್ರ ತುಂಬಲು ತೊಡೆಯಿಂದಲೋ ಹೊಟ್ಟೆಯಿಂದಲೋ ಕೊಬ್ಬು ಹೀರಿ ಚುಚ್ಚುತ್ತಾರೆ. ಅದರಲ್ಲಿ ಒಂದು ಪಾಲು ಕರಗಿಹೋಗುವುದರಿಂದ ಎರಡು ಮೂರು ಸಲ ಬೇಕಾಗಬಹುದು. ತೊಟ್ಟು ಕಟ್ಟುವುದು ಆಕಾರ ನಿಂತ ಮೇಲೆ, ಮೂರು ನಾಲ್ಕು ತಿಂಗಳು ಕಳೆದು. ಅದು ಚಪ್ಪಟೆಯಾಗುತ್ತಾ ಹೋಗುವುದು ಗೊತ್ತಿರುವುದರಿಂದ ಬೇಕೆಂದೇ ಉದ್ದ ಮಾಡಿರುತ್ತಾರೆ. ಬಣ್ಣಕ್ಕೆ ಹಚ್ಚೆ.

ಆಗಾಗ ಕೈಗೆ ಸಿಗುವ ಗಟ್ಟಿ ಗಂಟು ಸತ್ತ ಕೊಬ್ಬಿನದಿರಬಹುದು. ಇರಬಹುದು ಎಂದು ಸುಮ್ಮನಾಗದೆ ಅಲ್ಟ್ರಾಸೌಂಡ್, ಬೇಕಾದರೆ ಸೂಜಿ ಪರೀಕ್ಷೆ ಮಾಡಿಸಿ. ಇನ್ನೊಂದು ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಎಂದಿನಂತೆ.

ರವಿಕೆ ಹೊಲಿಸಲು ಅವಸರ ಬೇಡ. ಮೊದಲ ತಿಂಗಳು ಮುಂದೆ ಗುಂಡಿಯಿರುವ ನೈಟಿ, ತಂತಿಯಿಲ್ಲದ ಮುಂಭಾಗ ಕೊಕ್ಕೆಯ ಬ್ರಾ, ಅದರ ಪಟ್ಟಿ ಬೆನ್ನಿನ ಗಾಯಕ್ಕೆ ಉಜ್ಜುವಲ್ಲಿ ಹತ್ತಿಬಟ್ಟೆಯ ಮಡಿಕೆ. ಆರು ತಿಂಗಳಾದ ಮೇಲೆ ಹೊಸ ಅಳತೆ ಕೊಡಿ. ಎರಡೂ ಕಡೆ ಬೇರೆ ಬೇರೆ ಅಳೆಯಲು ಹೇಳಿ, ಆಪರೇಷನ್ ಆದ ಕಡೆ ಕಂಕುಳ ಸುತ್ತು ಅರ್ಧ ಇಂಚು ಸಡಿಲ ಬಿಡಿಸಿ, ಹೊಲಿಗೆಯೊಳಗೆ ಬಟ್ಟೆ ಧಾರಾಳವಾಗಿ ಮಡಚಿಡಲು ಹೇಳಿ. ಕೊಬ್ಬು ತುಂಬಿಸಿಕೊಂಡ ಮೇಲೆ ಅದನ್ನು ಬಿಚ್ಚಬೇಕಾಗುತ್ತದೆ.